ಬೀಗರ ಸಮ್ಮುಖದಲ್ಲಿ ಜಂಪ್ ಶಾಟ್

ಮೈಸೂರಿನಿಂದ ಮಗಳ ಮನೆಗೆಂದು ಬಂದಿದ್ದ ನಿವೃತ್ತ ಸಂಸ್ಕೃತ ಪಂಡಿತರಾದ ಸೀತಾರಾಮ ಶಾಸ್ತ್ರಿಗಳೂ, ಶಿವಮೊಗ್ಗೆಯಿಂದ ಮಗನ ಮನೆಗೆಂದು ಬಂದಿದ್ದ ನಿವೃತ್ತ ಲೆಕ್ಕಪರಿಶೋಧಕರಾದ ನಂಜುಂಡಯ್ಯನವರೂ, ಆ ಮಗಳು ಈ ಮಗನನ್ನೇ ಕೈಹಿಡಿದಿದ್ದ ಕಾರಣದಿಂದ, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಶ್ರೂಸ್‌ಬರಿ ಎಂಬ ಊರಿನಲ್ಲಿ ಒಂದೇ ಸೋಫಾದ ಎರಡು ತುದಿಗಳನ್ನು ಹಂಚಿಕೊಂಡಿದ್ದರು. ಬೀಗರೊಡನೆ ವಾದಿಸಬಾರದು, ವಾದಿಸಿದರೂ ಗೆಲ್ಲಬಾರದು ಎಂಬ ಕುಲಾಚಾರವನ್ನು ಇರ್ವರೂ ಬಲ್ಲವರಾಗಿದ್ದುದರಿಂದ ಚಳಿಗಾಲವೆಲ್ಲ ನಿರ್ವಿಘ್ನವಾಗಿ ಕಳೆದಿತ್ತು. ಆದರೆ 2025ರ ಮೇ 5ರ ರಾತ್ರಿ ಬಾಸ್ಟನ್ನಿನ ಸೆಲ್ಟಿಕ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡವು, ಕಿರೀಟಕ್ಕಾಗಿ ನಡೆಯುವ ಪ್ಲೇಆಫ್ ಸರಣಿಯ ಮೊದಲನೆಯ ಪಂದ್ಯದಲ್ಲಿ, ತನ್ನ ಅಂಗಳದಲ್ಲಿಯೇ, ಇಪ್ಪತ್ತು ಅಂಕಗಳ ಮುನ್ನಡೆಯನ್ನು ಕೈಯಾರೆ ಚೆಲ್ಲಿ, ಹೆಚ್ಚುವರಿ ಅವಧಿಯಲ್ಲಿ ನ್ಯೂಯಾರ್ಕಿನ ನಿಕ್ಸ್ ತಂಡಕ್ಕೆ 108–105ರಿಂದ ಸೋತುಬಿಟ್ಟಿತು. ಮೇ 7ರ ಸಂಜೆ, ಎರಡನೆಯ ಪಂದ್ಯಕ್ಕೆ ಇನ್ನೂ ಒಂದು ತಾಸು ಇರುವಾಗ, ಮೊಮ್ಮಗ ಪ್ರಣವನ ಸಮಕ್ಷಮದಲ್ಲಿ ನಡೆದ ಸಂಭಾಷಣೆಯಿದು.

ಶಾಸ್ತ್ರಿ: ಬೀಗರೆ, ತಾವು ಅನ್ಯಥಾ ಭಾವಿಸದಿದ್ದರೆ ಒಂದು ಮಾತು. ದೂರದ ಗೆರೆಯಾಚೆಯಿಂದ ಅರವತ್ತು ಸಲ ಎಸೆದು, ಅದರಲ್ಲಿ ನಲವತ್ತೈದನ್ನು ತಪ್ಪಿ, ಪ್ಲೇಆಫಿನ ಚರಿತ್ರೆಯಲ್ಲಿ ಒಂದೇ ಪಂದ್ಯದಲ್ಲಿ ಇಷ್ಟನ್ನು ತಪ್ಪಿದವರೇ ಇಲ್ಲವೆನಿಸಿಕೊಂಡ ತಂಡವನ್ನು ತಾವು ಇನ್ನೂ ಸಮರ್ಥಿಸುತ್ತಿರುವುದು ತಮ್ಮ ಔದಾರ್ಯವೇ ಹೊರತು ತರ್ಕವಾಗಲಾರದು.

ನಂಜುಂಡಯ್ಯ: ತಮ್ಮ ಪಾಂಡಿತ್ಯದೆದುರು ನಾನೆಷ್ಟರವನು! ಆದರೂ ಲೆಕ್ಕಕ್ಕೆ ದಾಕ್ಷಿಣ್ಯ ತಿಳಿಯದು. ದೂರದ ಎಸೆತಕ್ಕೆ ಮೂರು ಅಂಕ, ಹತ್ತಿರದ್ದಕ್ಕೆ ಎರಡು. ಮೂರರಲ್ಲಿ ಒಂದು ಬಿದ್ದ ದೂರದ ಎಸೆತವೂ ಎರಡರಲ್ಲಿ ಒಂದು ಬಿದ್ದ ಹತ್ತಿರದ ಎಸೆತವೂ ಫಲದಲ್ಲಿ ಸರಿಸಮ. ಅರವತ್ತರಲ್ಲಿ ಇಪ್ಪತ್ತು ಬೀಳಬೇಕಾದಲ್ಲಿ ಹದಿನೈದು ಬಿದ್ದುವು. ಇನ್ನೆರಡು ಬಿದ್ದಿದ್ದರೆ ತಾವು ಈ ಹೊತ್ತು ಇದೇ ತಂಡದ ಮೇಲೆ ಅಷ್ಟಕವನ್ನು ರಚಿಸುತ್ತಿದ್ದಿರಿ.

ಶಾಸ್ತ್ರಿ: ಅಷ್ಟಕವನ್ನು ರಚಿಸುವ ಮೊದಲು ನಾಯಕನು ಯುದ್ಧವನ್ನು ಗೆಲ್ಲಬೇಕಷ್ಟೆ. ಕುರುಕ್ಷೇತ್ರದಲ್ಲಿ ಹದಿನೆಂಟು ದಿನವೂ ಬಾಣಗಳು ಆಕಾಶವನ್ನೇ ಮುಚ್ಚಿದುವು. ಆದರೆ ರಾಜ್ಯವನ್ನು ನಿರ್ಧರಿಸಿದ ಕೊನೆಯ ಏಟು, ಕೈಗೆಟುಕುವ ದೂರದಲ್ಲಿ ನಿಂತ ಭೀಮನ ಗದೆಯದು. ದೂರದಿಂದ ನೆಗೆದು ಎಸೆಯುವ ಜಂಪ್ ಶಾಟು ಬಾಣ. ಬುಟ್ಟಿಯ ಬಳೆಯ ಬುಡಕ್ಕೆ ನುಗ್ಗುವುದು ಗದೆ.

ನಂಜುಂಡಯ್ಯ: ಆ ಏಟು ಬಿದ್ದುದು ತೊಡೆಗಲ್ಲವೆ, ಶಾಸ್ತ್ರಿಗಳೆ? ಇಲ್ಲಿಯ ರೆಫರಿಯಿದ್ದಿದ್ದರೆ ಸಿಳ್ಳೆ ಊದಿ ದುರ್ಯೋಧನನಿಗೆ ಎರಡು ಫ್ರೀ ಥ್ರೋ ಕೊಡುತ್ತಿದ್ದ.

ಪ್ರಣವ: ಪ್ಲೇಆಫಲ್ಲಿ ಅಷ್ಟು ಬೇಗ ಸಿಳ್ಳೆ ಊದಲ್ಲ ತಾತ.

ಶಾಸ್ತ್ರಿ: (ಹರ್ಷದಿಂದ) ಕೇಳಿದಿರಾ! ಮಗುವೇ ನನ್ನ ಪಕ್ಷವನ್ನು ಮಂಡಿಸಿತು. ಎಂಬತ್ತೆರಡು ಪಂದ್ಯಗಳ ಸಾಧಾರಣ ಋತುವಿನಲ್ಲಿ ಎದುರಾಳಿಯು ಇಂದು ಬಂದು ನಾಳೆ ಹೋಗುವ ಅತಿಥಿ. ಪ್ಲೇಆಫಿನಲ್ಲಾದರೋ ಏಳು ಪಂದ್ಯದವರೆಗೂ ಅದೇ ಮುಖ, ಅದೇ ಮೈ, ಅದೇ ಮೊಣಕೈ. ನಿಮ್ಮ ಎಸೆತಗಾರನು ಯಾವ ಮೂಲೆಯಲ್ಲಿ ನಿಲ್ಲುವನು, ಯಾವ ಕಾಲನ್ನು ಮುಂದಿಡುವನು ಎಂಬುದೆಲ್ಲವನ್ನೂ ಅವನು ಕಂಠಪಾಠ ಮಾಡಿಕೊಂಡು ಬರುತ್ತಾನೆ. ಚಾರ್ಲ್ಸ್ ಬಾರ್ಕ್ಲಿ ಎಂಬ ಮಹಾಕಾಯನು ಟಿವಿಯಲ್ಲಿ ವರ್ಷಾನುಗಟ್ಟಲೆ ಇದನ್ನೇ ಸಾರಿದುದು: ಜಂಪ್ ಶಾಟನ್ನೇ ನೆಚ್ಚಿದ ತಂಡಕ್ಕೆ ಕಿರೀಟವಿಲ್ಲವೆಂದು.

ನಂಜುಂಡಯ್ಯ: ತಾನು ಆಡಿದಷ್ಟು ವರ್ಷವೂ ಒಂದಾದರೂ ಕಿರೀಟವನ್ನು ಧರಿಸದ ಆ ಮಹನೀಯರಿಗೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು 2015ರಲ್ಲಿ ಉತ್ತರ ಕೊಟ್ಟಾಯಿತು. ಅದರ ಆಟಗಾರರಾದ ಕರಿ, ಥಾಂಪ್ಸನ್ ಇರ್ವರೂ ಎಸೆದೆಸೆದು ಋತುವಿನಲ್ಲಿ 67 ಪಂದ್ಯಗಳನ್ನು ಗೆದ್ದು, ಕಡೆಗೆ ಕ್ಲೀವ್‌ಲ್ಯಾಂಡನ್ನು 4–2ರಿಂದ ಮಣಿಸಿದರು. ಮೊನ್ನೆ ಸೋತ ಈ ಬಾಸ್ಟನ್ನೂ 2024ರಲ್ಲಿ ಡಲ್ಲಸ್ಸನ್ನು 4–1ರಿಂದ ಸೋಲಿಸಿ ಹದಿನೆಂಟನೆಯ ಧ್ವಜವನ್ನು ಏರಿಸಿದ್ದು ಇದೇ ಎಸೆತದಿಂದಲೇ.

ಶಾಸ್ತ್ರಿ: ಹ್ಯೂಸ್ಟನ್ನನ್ನು ಏಕೆ ಬಿಟ್ಟಿರಿ? 2018ರ ಪಶ್ಚಿಮ ವಿಭಾಗದ ಅಂತಿಮದಲ್ಲಿ, ಏಳನೆಯ ಪಂದ್ಯದಲ್ಲಿ, ತಮ್ಮ ಊರಿನಲ್ಲಿಯೇ, ಅರ್ಧ ಆಟಕ್ಕೆ ಮುಂದಿದ್ದ ಆ ಪುಣ್ಯಾತ್ಮರು ದೂರದಿಂದ ಎಸೆದ ಇಪ್ಪತ್ತೇಳು ಚೆಂಡುಗಳು ಸಾಲಾಗಿ, ಒಂದಾದ ಮೇಲೊಂದರಂತೆ, ತಪ್ಪಿದುವು. ಒಟ್ಟು ನಲವತ್ತನಾಲ್ಕರಲ್ಲಿ ಏಳು! ತಮ್ಮ ಸರಾಸರಿಯು ಆ ರಾತ್ರಿ ಎಲ್ಲಿಗೆ ಹೋಗಿತ್ತು?

(ನಂಜುಂಡಯ್ಯನವರು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಲೆಕ್ಕಪರಿಶೋಧಕರು ಕನ್ನಡಕವನ್ನು ಒರೆಸಿದರೆಂದರೆ ಎಲ್ಲಿಯೋ ಒಂದು ಅಂಕೆ ತಾಳೆಯಾಗುತ್ತಿಲ್ಲವೆಂದೇ ತಿಳಿಯಬೇಕು.)

ನಂಜುಂಡಯ್ಯ: ಸರಾಸರಿಯು... ದೀರ್ಘಕಾಲದಲ್ಲಿ ಬರುವ ವಸ್ತು. ಒಂದು ರಾತ್ರಿಯ ಮಟ್ಟಿಗೆ ಅದು ಹಾಜರಾಗಲೇಬೇಕೆಂಬ ಕರಾರಿಲ್ಲ. ಆದರೆ ಬೀಗರೆ, ಈ ಆಟವು ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ಇಲ್ಲಿಂದ ಪಶ್ಚಿಮಕ್ಕೆ ಒಂದು ತಾಸಿನ ಹಾದಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ ಆಡಿಸಿದ ಮೊಟ್ಟಮೊದಲ ಪಂದ್ಯದಲ್ಲಿ ಬಿದ್ದುದು ಒಂದೇ ಚೆಂಡು. ಅದೂ ಸುಮಾರು ಇಪ್ಪತ್ತೈದು ಅಡಿ ದೂರದಿಂದ ಬಂದದ್ದಂತೆ. ಇಂದಿನ ಗೆರೆಯಿರುವುದು 23 ಅಡಿ 9 ಅಂಗುಲಕ್ಕೆ. ಎಂದರೆ, ಆಟದ ಆದಿಯಲ್ಲಿಯೇ ತ್ರೀ ಪಾಯಿಂಟರ್ ಇದ್ದಿತು!

ಶಾಸ್ತ್ರಿ: ಇದ್ದಿರಬಹುದು, ಆದರೆ ನೆಗೆತವಿರಲಿಲ್ಲ. ನೆಗೆದು ಎಸೆಯುವುದನ್ನು ರೂಢಿಗೆ ತಂದವರಲ್ಲಿ ಒಬ್ಬನು ವಯೋಮಿಂಗಿನ ಕೆನ್ನಿ ಸೇಲರ್ಸ್ ಎಂಬ ಹಳ್ಳಿಯ ಹುಡುಗ. ತನಗಿಂತ ಬಹಳ ಎತ್ತರದವನಾದ ಅಣ್ಣನು ಹೊಲದ ಮನೆಯಂಗಳದಲ್ಲಿ ಪ್ರತಿಯೊಂದು ಎಸೆತವನ್ನೂ ತಡೆದುಬಿಡುತ್ತಿದ್ದುದರಿಂದ ಬೇರೆ ದಾರಿ ಕಾಣದೆ... (ಥಟ್ಟನೆ ನಿಲ್ಲಿಸಿ) ಓಹೋ.

ನಂಜುಂಡಯ್ಯ: ಏನಾಯಿತು?

ಶಾಸ್ತ್ರಿ: ನನ್ನ ಬಾಯಿಂದಲೇ ತಮ್ಮ ವಾದ ಹೊರಟಿತು. ಎದುರಿಗೆ ಎತ್ತರದವನು ತೋಳೆತ್ತಿ ನಿಂತಾಗ ಬೇಕಾದ ಆಯುಧವೆಂದೇ ಜಂಪ್ ಶಾಟು ಹುಟ್ಟಿತಾದರೆ, ಬಳೆಯ ಬಳಿಗೆ ಹೋಗುವ ದಾರಿಗಳೆಲ್ಲ ಮುಚ್ಚುವ ಪ್ಲೇಆಫೇ ಅದರ ಯೋಗ್ಯವಾದ ರಂಗ. ಸೋತೆ, ಬೀಗರೆ. ಜಂಪ್ ಶಾಟಿಲ್ಲದೆ ಕಿರೀಟವಿಲ್ಲ.

ನಂಜುಂಡಯ್ಯ: ಛೆ ಛೆ, ತಾವು ಸೋಲುವುದುಂಟೆ! ಹ್ಯೂಸ್ಟನ್ನಿನ ಮಾತು ಬಂದಾಗಲೇ ನಾನು ಸೋತಿದ್ದೆ, ದಾಕ್ಷಿಣ್ಯಕ್ಕೆ ಹೇಳಲಿಲ್ಲ. 2015ರ ಆ ವಾರಿಯರ್ಸ್ ತಂಡವೇ ಆ ವರ್ಷ ರಕ್ಷಣೆಯಲ್ಲಿಯೂ ಲೀಗಿಗೆ ಅಗ್ರಗಣ್ಯವಾಗಿತ್ತೆಂಬುದನ್ನೂ, ಅಂತಿಮ ಸರಣಿಯ ಶ್ರೇಷ್ಠನೆಂಬ ಗೌರವವು ಕರಿಗೆ ಸಲ್ಲದೆ ಕ್ಲೀವ್‌ಲ್ಯಾಂಡಿನ ಲೆಬ್ರಾನ್ ಜೇಮ್ಸನಿಗೆ ಅಡ್ಡ ನಿಂತ ಇಗುಡಾಲನಿಗೆ ಸಂದಿತೆಂಬುದನ್ನೂ ನಾನು ಬೇಕೆಂದೇ ಮರೆಮಾಚಿದ್ದೆ. ಮರುವರ್ಷ 73 ಪಂದ್ಯಗಳನ್ನು ಗೆದ್ದ ಅದೇ ತಂಡವು ಅಂತಿಮ ಸರಣಿಯ ಏಳನೆಯ ಪಂದ್ಯದ ಕೊನೆಯ ನಾಲ್ಕು ನಿಮಿಷಕ್ಕೂ ಮಿಕ್ಕು ಒಂದೇ ಒಂದು ಅಂಕವನ್ನೂ ಕಾಣದೆ ಸೋತಿತು. ಎಸೆತವೆಂಬುದು ನೆಚ್ಚತಕ್ಕುದಲ್ಲ.

ಶಾಸ್ತ್ರಿ: ಹಾಗೆನ್ನಬಾರದು. ನಾಲ್ಕು ನಿಮಿಷದ ಬರಗಾಲಕ್ಕಾಗಿ ಇಡೀ ಬೇಸಾಯವನ್ನು ದೂಷಿಸುವುದು ನ್ಯಾಯವೆ?

ನಂಜುಂಡಯ್ಯ: ನ್ಯಾಯವೇ! ಚೆಂಡು ಬೀಳದ ರಾತ್ರಿಯಲ್ಲಿ ಎದುರಾಳಿಯನ್ನೂ ಬೀಳಿಸದಂತೆ ತಡೆಯಬಲ್ಲವನಿಗೆ ಮಾತ್ರ ಎಸೆಯುವ ಅಧಿಕಾರ. ಹೋದ ವರ್ಷ ಗೆದ್ದ ಬಾಸ್ಟನ್ನಿನಲ್ಲಿ ಹಾಲಿಡೆ, ವೈಟ್ ಇರ್ವರೂ ತಡೆಯುವುದರಲ್ಲಿ ಹೆಸರಾದವರೇ ಅಲ್ಲವೆ?

ಶಾಸ್ತ್ರಿ: ಅವರಿಬ್ಬರೂ ಈ ವರ್ಷವೂ ಇದ್ದಾರಲ್ಲ!

ನಂಜುಂಡಯ್ಯ: ಇದ್ದರೂ ಇಪ್ಪತ್ತು ಅಂಕ ಕರಗಿತಲ್ಲ!

(ಹೀಗೆ ಸೌಜನ್ಯದ ಅತಿರೇಕದಿಂದ ಪಂಡಿತರು ಲೆಕ್ಕಿಗರ ಪಕ್ಷವನ್ನೂ ಲೆಕ್ಕಿಗರು ಪಂಡಿತರ ಪಕ್ಷವನ್ನೂ ವಹಿಸಿಕೊಂಡು, ಮೊದಲಿಗಿಂತ ಇಮ್ಮಡಿ ದನಿಯಲ್ಲಿ ವಾಗ್ವಾದ ಮುಂದುವರಿಯಲು, ಅಡಿಗೆಮನೆಯಿಂದ ಮಗಳು ಎರಡು ಸಲ ಬಂದು ನೋಡಿ ಹೋದಳು.)

ಪ್ರಣವ: ತಾತ, ಈಗ ನೀವಿಬ್ಬರೂ ಯಾರ ಕಡೆ?

ನಂಜುಂಡಯ್ಯ: ನಾವು ಬಾಸ್ಟನ್ ಕಡೆಯೇ, ಮಗು. ಕಾರಣ ಮಾತ್ರ ಬೇರೆ ಬೇರೆ.

(ಪಂದ್ಯವು ಆರಂಭವಾಯಿತು. ಬಾಸ್ಟನ್ ಮತ್ತೆ ಇಪ್ಪತ್ತು ಅಂಕ ಮುಂದೆ ಹೋಯಿತು, ಮತ್ತೆ ಅದನ್ನೆಲ್ಲ ಕಳೆದುಕೊಂಡಿತು, 91–90ರಿಂದ ಸೋತಿತು. ವಿವರಿಸಲು ನನಗೂ ಮನಸ್ಸಿಲ್ಲ. ದೂರದಿಂದ ಎಸೆದುದು ನಲವತ್ತು, ಬಿದ್ದುದು ಹತ್ತು.)

ಶಾಸ್ತ್ರಿ: (ಬಹಳ ಹೊತ್ತಿನ ಮೇಲೆ) ಬೀಗರೆ, ಹೇಳಿಬಿಡಿ. ತಮ್ಮ ಮುಖದಲ್ಲಿ ಏನೋ ಒಂದು ಪ್ರಸನ್ನತೆ ಇದೆ.

ನಂಜುಂಡಯ್ಯ: ಸೋಲಿನ ದುಃಖ ನನಗೂ ಇದೆ. ಆದರೆ ಮೊನ್ನೆ ಅರವತ್ತು, ಇಂದು ನಲವತ್ತು, ಒಟ್ಟು ಸರಿಯಾಗಿ ನೂರು. ಅಂದು ಹದಿನೈದು, ಇಂದು ಹತ್ತು, ಬಿದ್ದುದು ಇಪ್ಪತ್ತೈದು. ಶೇಕಡಾ ಹಾಕುವ ಶ್ರಮವನ್ನೂ ಉಳಿಸಿ ಸೋತ ತಂಡವನ್ನು ನನ್ನ ವೃತ್ತಿಜೀವನದಲ್ಲಿಯೇ ಕಂಡಿಲ್ಲ.

ಶಾಸ್ತ್ರಿ: ಶನಿವಾರ ನ್ಯೂಯಾರ್ಕಿನಲ್ಲಿ ಮೂರನೆಯ ಪಂದ್ಯ. ಮೂರರಲ್ಲಿ ಒಂದು ಬೀಳುವುದೇ ಧರ್ಮವೆಂದು ತಾವೇ ಅಪ್ಪಣೆ ಕೊಡಿಸಿದ್ದಿರಿ. ಬಾಕಿ ನಿಂತ ಎಂಟು ಚೆಂಡುಗಳಾದರೂ ಅಂದು ಬಂದು ಬೀಳಲೇಬೇಕಲ್ಲವೆ?

ನಂಜುಂಡಯ್ಯ: ಬೀಳಬೇಕಾಗಿಲ್ಲ, ಶಾಸ್ತ್ರಿಗಳೆ. ಚೆಂಡಿಗೆ ಹಳೆಯ ಬಾಕಿಯ ಪುಸ್ತಕವಿಲ್ಲ.