ಯೆಜ್ಡಿ ಬೇರಿಂಗ್ ಮೀಮಾಂಸೆ: ಡೋಣಿ ಪಾಠ

ಕಿಕ್ ಹೊಡೆದೊಡನೆ ಇಂಜಿನ್ನಿನ ಗರ್ಭದಿಂದ 'ಕಟಕಟ' ನಾದ ಹೊರಟರೆ ಅದನ್ನೇ ಮಂಗಳಾಚರಣೆ ಎಂದು ತಿಳಿಯತಕ್ಕದ್ದು.

ಪೂರ್ವಪಕ್ಷ: ಹಳೆಯ ಪೋರ್ಷೆ 944 ಕಾರು ಉದ್ದನೆಯ ತಿರುವಿನಲ್ಲಿ ಜೋರಾಗಿ ತಿರುಗಿದಾಗ ಸಂಪಿನ ಎಣ್ಣೆ ಒಂದು ಮಗ್ಗುಲಿಗೆ ಸರಿದು, ಎರಡನೆಯ ರಾಡ್ ಬೇರಿಂಗ್ ಎಣ್ಣೆ ಕಾಣದೆ ಹೋಗುತ್ತದೆ, ಆದುದರಿಂದ ಸಂಪಿನೊಳಗೆ ತಡೆತಗಡು ಹಾಕಿಸಬೇಕೆಂಬುದು ಪಾಶ್ಚಾತ್ಯ ಆಚಾರ್ಯರ ಮತ.

ಖಂಡನೆ: ಕಪ್ಪತ್ತಗುಡ್ಡದ ಡೋಣಿ ಊರಿನ ಸ್ಪೋರ್ಟ್ಸ್ ವಾಹನ ಯೆಜ್ಡಿ ರೋಡ್‌ಕಿಂಗ್. ಅದನ್ನು ಹೆತ್ತ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಗಾಡಿಗೆ ಆ ಸುದ್ದಿ ಮುಟ್ಟಿಲ್ಲ. ಅದರ ಟೂ-ಸ್ಟ್ರೋಕ್ ಇಂಜಿನ್ನಿಗೆ ಸಂಪೇ ಇಲ್ಲ. ಇಲ್ಲದ ಎಣ್ಣೆ ಮಗ್ಗುಲಾಗುವುದೆಂತು?

ಸಿದ್ಧಾಂತ: ಪೆಟ್ರೋಲಿನ ಕೂಡ ಬಂದ ಎಣ್ಣೆಯೇ ಕ್ರ್ಯಾಂಕ್ ಬೇರಿಂಗಿಗೆ ಅನ್ನ. ಎಷ್ಟು ಎಂಬಲ್ಲಿ ಪಂಥಭೇದ. ಲೀಟರಿಗೆ 30 ಎಂ.ಎಲ್. ಪಂಥದವರು 'ಜಾಸ್ತಿ ಹಾಕಿದ್ರ ಪ್ಲಗ್ ಕರ್ರಗಾಗತೈತಿ' ಎನ್ನುವರು. 40ರ ಪಂಥದವರದು, 'ಹೊಗಿ ಬಂದ್ರ ಬರಲಿ, ಬೇರಿಂಗ್ ಉಳೀತೈತಲ್ರಿ.' ಚಹಾದ ಕಪ್ಪಿನಲ್ಲಿ ಅಳೆಯುವ ಅಂದಾಜು ಪಂಥವೂ ಉಂಟು. ಮೆಕ್ಯಾನಿಕರ ಮನೆ ನಡೆಯುವುದು ಅದರಿಂದಲೇ.

'ಫಿಲ್ಟರ್ ತಗದ್ರ ಪಿಕಪ್ ಬರತೈತಿ' ಎಂಬುದು ನಾಸ್ತಿಕವಾದ. ಈ ಇಂಜಿನ್ ಉಸಿರೆಳೆಯುವುದೇ ಕ್ರ್ಯಾಂಕ್‌ಕೇಸಿನ ಮೂಲಕ. ಕಪ್ಪತ್ತಗುಡ್ಡದ ಬುಡದ ಕೆಂಪು ಧೂಳು ಕಾರ್ಬೊರೇಟರ್ ದಾಟಿ ನೆಟ್ಟಗೆ ಬೇರಿಂಗಿಗೇ ಹೋಗುತ್ತದೆ. ಇನ್ನು ಎಥನಾಲ್ ಬೆರೆತ ಪೆಟ್ರೋಲು ನೀರು ಹೀರುವ ಜಾತಿ. ಮಳೆಗಾಲವಿಡೀ ಗಾಡಿ ನಿಲ್ಲಿಸಿಟ್ಟರೆ ರೋಲರಿಗೆ ತುಕ್ಕು ಹಿಡಿಯುತ್ತದೆ.

ಪರೀಕ್ಷಾ ವಿಧಿ: ಸ್ಕ್ರೂಡ್ರೈವರಿನ ತುದಿಯನ್ನು ಕೇಸಿಗೆ, ಹಿಡಿಯನ್ನು ಕಿವಿಗೆ ಒತ್ತಿ ಶ್ರವಣ ಮಾಡುವುದು. ಸಂಶಯ ಉಳಿದರೆ ಬೋರ್ ಬಿಚ್ಚಿ ರಾಡ್ ಹಿಡಿದು ಅಲ್ಲಾಡಿಸುವುದು. 'ಆಜೂಬಾಜೂ ಆಡಿದ್ರ ಅಡ್ಡಿಯಿಲ್ರಿ, ಮ್ಯಾಲ-ಕೆಳಗ ಆಡಬಾರದು' ಎಂಬ ಫಿಟ್ಟರ್‌ವಾಕ್ಯಕ್ಕೆ ಭಾಷ್ಯ ಬೇಕಿಲ್ಲ.

ಕಠಿಣ ಪ್ರಶ್ನೆ ಗುಡ್ಡ ಇಳಿಯುವಾಗಿನದು. ಗಾಳಿಯಂತ್ರಗಳನ್ನು ನೋಡುತ್ತ, ಗೇರಿನಲ್ಲೇ ಎಕ್ಸಲೇಟರ್ ಪೂರ್ತಿ ಬಿಟ್ಟು ಇಳಿದರೆ ಇಂಜಿನ್ ಭರದಿಂದ ತಿರುಗುತ್ತದೆ. ಪೆಟ್ರೋಲು ಕಡಿಮೆ, ಆದ್ದರಿಂದ ಎಣ್ಣೆಯೂ ಕಡಿಮೆ. ಆಗಾಗ ಕ್ಲಚ್ ಹಿಡಿದು ಒಂದೊಂದು ರೇಸ್ ಕೊಡುವುದೇ ಪರಿಹಾರ. ಇಂಜಿನ್ ಬಂದ್ ಮಾಡಿ ನ್ಯೂಟ್ರಲ್ಲಿನಲ್ಲಿ ಇಳಿಯುವವರ ಬೇರಿಂಗ್ ಸವೆಯುವುದಿಲ್ಲ, ನಿಜ. ಅವರ ಬ್ರೇಕಿನ ಗತಿ ಪ್ರಸ್ತುತ ಗ್ರಂಥದ ವ್ಯಾಪ್ತಿಗೆ ಹೊರತು.