ಕೂತು ನೋಡುವ ಊರು

ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ನೋಡಲೇಬೇಕಾದದ್ದು ಏನು ಎಂದು ಕೇಳಿದವರಿಗೆ, "ಒಂದು ಒಳ್ಳೆಯ ಕುರ್ಚಿ ನೋಡಿಕೊಳ್ಳಿ" ಎನ್ನುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ. ಅಷ್ಟು ದುಡ್ಡು ಸುರಿದು, ವಿಮಾನದ ಮೇಲೆ ವಿಮಾನ ಹತ್ತಿ ಹೋಗಿ ಕೂರುವುದೇ? ಅದಕ್ಕೆ ಮನೆಯ ಜಗಲಿ ಸಾಲದೇ? ನನ್ನ ಹೆಂಡತಿ ಕೇಳಿದ್ದೂ ಇದನ್ನೇ. ಅವಳ ಕೈಯಲ್ಲಿ ಒಂದು ಪಟ್ಟಿಯಿತ್ತು, ಕಾಲಲ್ಲಿ ಹೊಸ ಶೂ ಇತ್ತು.

ಆದರೆ ಬಂದರಿನ ಎದುರಿಗೇ ಗ್ರಾನ್ ಕೆಫೆ ದೆ ಲಾ ಪರೋಕಿಯಾ ಇದ್ದರೆ ನಾನೇನು ಮಾಡಲಿ? 1808ರಿಂದ ನಡೆದು ಬಂದಿದೆ ಎನ್ನುತ್ತಾರೆ. 'ಲೆಚೆರೋ' ಬೇಕೆಂದರೆ ಗಾಜಿನ ಲೋಟದ ತಳದಲ್ಲಿ ಒಂದಿಷ್ಟು ಕಪ್ಪು ಡಿಕಾಕ್ಷನ್ ತಂದಿಟ್ಟು ಮಾಣಿ ಮಾಯವಾಗುತ್ತಾನೆ. ನಾವು ಚಮಚದಿಂದ ಲೋಟಕ್ಕೆ ಟಿಣ್ ಟಿಣ್ ಎಂದು ಬಡಿಯಬೇಕು. ಆಗ ಇನ್ನೊಬ್ಬ ಹಾಲಿನ ಕೆಟಲ್ ಹಿಡಿದು ಬರುತ್ತಾನೆ. ಲೋಟದ ಬಾಯಲ್ಲಿ ಶುರುವಾದ ಧಾರೆ ಅವನ ಕೈ ಮೇಲೇರಿದಂತೆ ಉದ್ದವಾಗುತ್ತ ತಲೆಯೆತ್ತರ ಹೋಗುತ್ತದೆ. ನೊರೆ ಅಂಚಿಗೆ ಬಂದು ನಿಲ್ಲುತ್ತದೆ. ಮೇಜಿನ ಮೇಲೆ ಒಂದು ಹನಿ ಇಲ್ಲ. ನಮ್ಮೂರ ಹೋಟೆಲಿನಲ್ಲಿ ಹೀಗೆ ಲೋಟ ಬಡಿದು ನೋಡಿ, ಹಾಲಿಗಿಂತ ಮೊದಲು ಮಾಣಿಯ ಬಿಸಿ ಮಾತು ಬೀಳುತ್ತದೆ. ಇಲ್ಲಿ ಅದೇ ಮರ್ಯಾದೆ. ನಾನು ಬಡಿಯುತ್ತಲೇ ಇದ್ದೆ.

"ರೀ, ಕೋಟೆ ಐದಕ್ಕೆ ಮುಚ್ಚಿಬಿಟ್ಟರೆ?" ಎಂದು ಹೆಂಡತಿ ಎಬ್ಬಿಸಿದಳು.

ಸಾನ್ ಹುವಾನ್ ದೆ ಉಲುವಾ ಕೋಟೆಯ ಕೆಲಸ ಶುರುವಾದದ್ದು 1535ರಲ್ಲಿ. ಗೋಡೆಗೆ ಹಾಕಿದ್ದು ಸಮುದ್ರದ ಹವಳದ ಕಲ್ಲು. ಮೂಗು ತಾಗುವಷ್ಟು ಹತ್ತಿರ ಹೋದರೆ ಅದರ ಸುರುಳಿ ಗೆರೆಗಳು ಕಾಣುತ್ತವೆ. ಮುಂದೆ ಇದು ಸೆರೆಮನೆಯಾದಾಗ ಒಂದು ಕತ್ತಲೆಕೋಣೆಗೆ ಸ್ವರ್ಗವೆಂದೂ ಇನ್ನೊಂದಕ್ಕೆ ನರಕವೆಂದೂ ಹೆಸರು ಬಿತ್ತು. ನನಗಂತೂ ಎರಡರಲ್ಲೂ ಒಂದೇ ಸೆಕೆ.

ಈ ಕೋಟೆಯ ಮೇಲೆ 1838ರಲ್ಲಿ ಫ್ರೆಂಚ್ ನೌಕಾಪಡೆ ಗುಂಡು ಸುರಿಸಿತು. ಫ್ರೆಂಚ್ ಪ್ರಜೆಗಳ ನಷ್ಟಕ್ಕೆ ಆರು ಲಕ್ಷ ಪೆಸೊ ಕಕ್ಕಿರಿ ಎಂಬ ತಗಾದೆ. ಆ ಪಟ್ಟಿಯಲ್ಲಿ ಅಂಗಡಿ ಹಾಳಾಯಿತೆಂದು ದೂರು ಕೊಟ್ಟ ಒಬ್ಬ ಬೇಕರಿಯವನೂ ಇದ್ದ. ಹಾಗಾಗಿ ಇತಿಹಾಸದಲ್ಲಿ ಇದು 'ಪೇಸ್ಟ್ರಿ ಯುದ್ಧ'. ಆ ಡಿಸೆಂಬರಿನಲ್ಲಿ ಇದೇ ಊರಲ್ಲಿ ಮೆಕ್ಸಿಕೋದ ಜನರಲ್ ಸಾಂತಾ ಆನಾನ ಎಡಗಾಲು ಫಿರಂಗಿಗೆ ಸಿಕ್ಕಿತು, ಕತ್ತರಿಸಬೇಕಾಯಿತು. 1842ರಲ್ಲಿ, ಅವನೇ ಅಧಿಕಾರದಲ್ಲಿದ್ದಾಗ, ಆ ಕಾಲನ್ನು ರಾಜಧಾನಿಗೆ ಒಯ್ದು ಸಕಲ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು. ಎರಡು ವರ್ಷಕ್ಕೆ ಅವನ ಮೇಲೆ ರೊಚ್ಚಿಗೆದ್ದ ಜನ ಅದನ್ನು ಅಗೆದು ತೆಗೆದು ಬೀದಿಬೀದಿ ಎಳೆದಾಡಿದರು. ಬದಲಿಗೆ ಹಾಕಿಸಿಕೊಂಡ ಕೃತಕ ಕಾಲನ್ನು 1847ರ ಯುದ್ಧದಲ್ಲಿ ಅಮೆರಿಕದ ಸೈನಿಕರು ಹೊತ್ತೊಯ್ದರು. ಅದು ಇಲಿನಾಯ್‌ನ ಮ್ಯೂಸಿಯಂ ಸೇರಿತು.

"ನೋಡೇ, ಮೈಯಿಂದ ಬೇರೆಯಾದರೂ ಕಾಲಿಗೆ ಅಲೆದಾಟ ತಪ್ಪಲಿಲ್ಲ. ಇರುವಾಗಲಾದರೂ ಸ್ವಲ್ಪ ವಿಶ್ರಾಂತಿ ಕೊಡಬೇಡವೇ?" ಎಂದೆ. ಅವಳು ಪಟ್ಟಿಯಲ್ಲಿ ಕೋಟೆಗೆ ಗೀಟು ಹಾಕಿ ಅಕ್ವೇರಿಯಂ ಕಡೆ ಹೊರಟಳು. ಶಾರ್ಕ್‌ಗಳಿದ್ದವು. ಬೆಂಚೂ ಇತ್ತು.

ಸಂಜೆ ಸೊಕಾಲೋ ಚೌಕದಲ್ಲಿ ಕೊನೆಗೂ ನ್ಯಾಯವಾಗಿ ಕುರ್ಚಿ ಸಿಕ್ಕಿತು. ವಾದ್ಯದವರು ದಾನ್ಸೋನ್ ನುಡಿಸುತ್ತಿದ್ದರು. ಕ್ಯೂಬಾದಿಂದ ಬಂದ ಈ ಕುಣಿತವನ್ನು ವೆರಾಕ್ರೂಸ್ ತನ್ನದೇ ಮಾಡಿಕೊಂಡಿದೆ. ಕುಣಿಯುತ್ತಿದ್ದವರಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೊಳೆಯುವ ಶೂ, ಅಜ್ಜಿಯರ ಕೈಯಲ್ಲಿ ಬೀಸಣಿಗೆ. ಅವಸರವೇ ಇಲ್ಲ, ಒಂದು ಗೇಣು ಜಾಗದಲ್ಲೇ ಹೆಜ್ಜೆ ಸುತ್ತುತ್ತದೆ. ಪಲ್ಲವಿ ಬಂದ ಕೂಡಲೇ ಎಲ್ಲರೂ ನಿಂತರು. ಅಜ್ಜಿಯರು ಗಾಳಿ ಹಾಕಿಕೊಂಡರು, ಅಜ್ಜಂದಿರು ಬೆವರು ಒರೆಸಿಕೊಂಡರು. ಇದು ಸುಸ್ತಲ್ಲ, ಕುಣಿತದ ನಿಯಮವೇ ಹಾಗೆ.

ನನಗೆ ಹಿಗ್ಗೋ ಹಿಗ್ಗು. "ನೋಡಿದೆಯಾ? ಕುಣಿಯುವಾಗಲೂ ವಿಶ್ರಾಂತಿ!"

"ನೋಡಿದೆ. ನಿಂತಿದ್ದಾರೆ ರೀ, ಯಾರೂ ಕೂತಿಲ್ಲ" ಎಂದಳು.