ಮಡಿ ಲೂಪು, ಮದುವೆ ಊಟ

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿತ ಹೊಸದರಲ್ಲಿ ನಾನು ಗೋಣಿಯ ಜೊತೆ ಒಗೆಯುವ ಕಲ್ಲನ್ನೂ ಎತ್ತಿ ಒಗೆದೆ.

ಅಲ್ಲಿಯವರೆಗೆ ಫಾರ್ ಲೂಪ್ ಬರೆದೇ ಸಂಬಳ ಎಣಿಸಿದವನು ನಾನು. ಅದರ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ. ಕೆಟ್ಟ ಘಳಿಗೆಯಲ್ಲಿ ಜಾನ್ ಬ್ಯಾಕಸ್ ಅವರ ಟ್ಯೂರಿಂಗ್ ಪ್ರಶಸ್ತಿ ಭಾಷಣ ಓದಿದೆ. 1957ರಲ್ಲಿ ಐಬಿಎಂನಿಂದ ಫೋರ್ಟ್ರಾನ್ ಹೊರತಂದು ಜಗತ್ತಿಗೆ ಡೂ ಲೂಪಿನ ರುಚಿ ಹತ್ತಿಸಿದ ಮಹಾನುಭಾವರು ಅವರು. 1977ರಲ್ಲಿ ಪ್ರಶಸ್ತಿ ಪಡೆಯಲು ವೇದಿಕೆ ಹತ್ತಿ, ಮೆಮೊರಿಯ ಒಂದೊಂದೇ ಪದವನ್ನು ಹೊತ್ತು ತಂದು ಹೊತ್ತೊಯ್ಯುವ ಈ ಶೈಲಿಯಿಂದ ನಮಗೆ ಬಿಡುಗಡೆ ಬೇಕು ಅಂದುಬಿಟ್ಟರು. ಹತ್ತಿಸಿದವರೇ ಬಿಡಿ ಅಂದ ಮೇಲೆ ನಾನು ಬಿಡದಿರುವುದುಂಟೆ? ಅಂದೇ ಮಡಿ ಉಟ್ಟೆ. ವೇರಿಯಬಲ್ ಬದಲಿಸುವುದು ಮೈಲಿಗೆ. ಎಣಿಕೆಗೆ ಐ ಇಟ್ಟುಕೊಳ್ಳುವುದು ಮುಸುರೆ. ಫಾರ್ ಅಂತ ಟೈಪಿಸಿದರೆ ತಲೆಗೆ ಸ್ನಾನ. ಕಚೇರಿಯಲ್ಲಿ ಪಕ್ಕದವರ ಕೋಡ್ ಹಾಯುವಾಗ ಪಂಚೆ ಎತ್ತಿಕಟ್ಟಿದವನ ಗತ್ತಿನಲ್ಲಿ ಹಾಯುತ್ತಿದ್ದೆ.

ಅಷ್ಟರಲ್ಲಿ ಅಕ್ಕನ ಮಗಳ ಮದುವೆ ಬಂತು. ಕರೆಯಬೇಕಾದವರ ಪಟ್ಟಿ ಎಕ್ಸೆಲ್ ಹಾಳೆಯಲ್ಲಿತ್ತು: ಸಾವಿರಕ್ಕೂ ಮೇಲ್ಪಟ್ಟು ಮನೆಗಳು, ಪ್ರತಿ ಮನೆಯ ಎದುರು ಬರಬಹುದಾದ ತಲೆಗಳು. ಕೂಡಿಸಿ, ಎಷ್ಟು ಎಲೆ ಎಂದು ಅಡುಗೆ ಭಟ್ಟರಿಗೆ ಹೇಳಬೇಕು, ಅಷ್ಟೆ. "ಎಕ್ಸೆಲ್ಲಲ್ಲೇ ಕೂಡಿಸಬಹುದಲ್ಲ" ಅಂದರು ಭಾವ. ಅವರನ್ನು ಕನಿಕರದಿಂದ ನೋಡಿ ಪೈಥಾನ್ ತೆರೆದೆ.

ಮೊದಲ ಮಂತ್ರ ರಿಕರ್ಷನ್. ಮೊದಲ ಮನೆಯ ತಲೆಗಳಿಗೆ ಉಳಿದ ಪಟ್ಟಿಯ ಮೊತ್ತ ಸೇರಿಸು; ಉಳಿದ ಪಟ್ಟಿಗೂ ಇದೇ ಫಂಕ್ಷನ್; ಪಟ್ಟಿ ಖಾಲಿಯಾದರೆ ಸೊನ್ನೆ. ನಮ್ಮ ಬೀದಿಯ ಮನೆಗಳನ್ನು ಕೊಟ್ಟು ನೋಡಿದೆ, ಲೆಕ್ಕ ಪಕ್ಕಾ. ಭಾವನನ್ನು ಕರೆದು ಕುರ್ಚಿ ಹಾಕಿ ಕೂರಿಸಿ ಇಡೀ ಪಟ್ಟಿ ಉಣಿಸಿದೆ. ಪರದೆ ತುಂಬ ಕೆಂಪಕ್ಷರ! ಒಂದರೊಳಗೊಂದು ಕರೆ 1000ದ ಹತ್ತಿರ ಬಂದರೆ ಪೈಥಾನ್ ಕೈ ಎತ್ತುತ್ತದೆ. 1975ರಲ್ಲಿ ಹುಟ್ಟಿದ ಸ್ಕೀಮ್ ಭಾಷೆ ಹಾಗಲ್ಲ. ಫಂಕ್ಷನ್ನಿನ ಕಟ್ಟಕಡೆಯ ಕೆಲಸ ಇನ್ನೊಂದು ಕರೆಯಾಗಿದ್ದರೆ ಹಳೆಯ ಜಾಗವನ್ನೇ ಮತ್ತೆ ಬಳಸುತ್ತದೆ, ಕೋಟಿ ಸಲ ಸುತ್ತಿದರೂ ಸ್ಟ್ಯಾಕ್ ಬೆಳೆಯದು. ಅಲ್ಲಿ ರಿಕರ್ಷನ್ನೇ ಲೂಪು. ಈ ಸೌಕರ್ಯ ಪೈಥಾನಿಗೆ ಬೇಡವೆಂದು ಅದರ ಕರ್ತೃ ಗೀಡೋ ವಾನ್ ರೋಸಮ್ 2009ರಲ್ಲೇ ಕಡ್ಡಿ ಮುರಿದಂತೆ ಬರೆದಿದ್ದಾರೆ. ತಪ್ಪು ನಡೆದಾಗ ಎಲ್ಲಿಂದ ನಡೆಯಿತೆಂಬ ಜಾಡು ಅಳಿಸಿಹೋಗುತ್ತದೆ ಎನ್ನುವುದು ಅವರ ಒಂದು ಕಾರಣ. ನನ್ನ ಜಾಡಂತೂ ಅಳಿಸಿರಲಿಲ್ಲ. ಭಾವ ಸಾಲು ಸಾಲಾಗಿ ಓದಿದರು. ಸ್ಕೀಮಿಗೆ ಹೋಗಿದ್ದರೂ ನನಗೆ ಆ ಭಾಗ್ಯವಿರಲಿಲ್ಲ ಬಿಡಿ: ನನ್ನ ಫಂಕ್ಷನ್ನಿನ ಕಟ್ಟಕಡೆಯ ಕೆಲಸ ಕರೆಯುವುದಲ್ಲ, ಕೂಡಿಸುವುದು.

ಮಿತಿ ಏರಿಸಲು ಒಂದು ಸಾಲು ಸಾಕು. ಆದರೆ ಅದು ಇಡೀ ಪ್ರೋಗ್ರಾಮಿನ ಸ್ಥಿತಿಯನ್ನೇ ಬದಲಿಸುತ್ತದೆ. ಮಡಿಯಲ್ಲಿರುವವನು ಅಂಥದನ್ನೆಲ್ಲ ಮುಟ್ಟಲಾದೀತೆ? ರಿಕರ್ಷನ್ ಬಿಟ್ಟು ಮ್ಯಾಪ್ ಹಿಡಿದೆ.

ಕರೆಯೋಲೆಗಳಿಗೆ ವಿಳಾಸದ ಚೀಟಿಯೂ ಬೇಕಿತ್ತು; ಮೊದಲು ಅದನ್ನು ಮುದ್ರಿಸುವ ಫಂಕ್ಷನ್ನನ್ನು ಪಟ್ಟಿಯ ಮೇಲೆ ಮ್ಯಾಪ್ ಮಾಡಿದೆ. ಪ್ರಿಂಟರ್ ಉಸಿರೆತ್ತಲಿಲ್ಲ. ವೈರ್ ಕಿತ್ತು ಚುಚ್ಚಿದೆ, ತಟ್ಟಿದೆ, ಕುಲುಕಿದೆ, ಕೊನೆಗೆ ಹೊಸ ಕಾರ್ಟ್ರಿಜ್ಜನ್ನೇ ತಂದು ಹಾಕಿದೆ. ಪಾಪ, ಪ್ರಿಂಟರಿಗೆ ಸುದ್ದಿಯೇ ಮುಟ್ಟಿರಲಿಲ್ಲ. 2008ರಲ್ಲಿ ಪೈಥಾನ್ 3 ಬಂದಾಗಿನಿಂದ ಮ್ಯಾಪ್ ಕೆಲಸ ಮಾಡುವುದಿಲ್ಲ, ಮಾಡುತ್ತೇನೆಂದು ಮಾತು ಕೊಡುತ್ತದೆ. ಫಲ ಎಲ್ಲಿ ಎಂದು ಯಾರಾದರೂ ಕೇಳಿದರೆ ಮಾತ್ರ ಒಂದೊಂದಾಗಿ ಮಾಡಿ ಕೊಡುತ್ತದೆ. ನಾನು ಕೇಳಿರಲಿಲ್ಲ. ನನ್ನ ಪುಸ್ತಕ ಪೈಥಾನ್ 2ರ ಕಾಲದ್ದು.

ಇರಲಿ ಎಂದು ತಲೆಗಳ ಲೆಕ್ಕಕ್ಕೂ ಮ್ಯಾಪ್ ಬಳಸಿ, ಅದರ ಫಲಕ್ಕೊಂದು ಹೆಸರಿಟ್ಟು, ತಿಂಡಿಗೊಮ್ಮೆ ಊಟಕ್ಕೊಮ್ಮೆ ಕೂಡಿಸಿ, ಬಂದದ್ದನ್ನು ನೇರ ಭಟ್ಟರ ವಾಟ್ಸಾಪಿಗೆ ಕಳಿಸಿದೆ. ತಿಂಡಿಗೆ 2,340. ಊಟಕ್ಕೆ 0. ಮ್ಯಾಪಿನ ಫಲ ಒಂದು ಸಲ ಬಳಸಿದರೆ ಮುಗಿಯಿತು. ಎರಡನೆಯ ಸಲ ಕೇಳಿದರೆ ತಕರಾರಿಲ್ಲದೆ ಖಾಲಿ ಕೈ ತೋರಿಸುತ್ತದೆ. ಭಟ್ಟರು ಫೋನಿಸಿದರು: "ಉಪ್ಪಿಟ್ಟು ತಿನ್ನಿಸಿ ಕಳಿಸಿಬಿಡೋದಾ ಸ್ವಾಮಿ?" ಸಂಜೆಯೊಳಗೆ ಸುದ್ದಿ ಬೀಗರ ಮನೆ ತಲುಪಿತು. ಗಂಡಿನ ದೊಡ್ಡಪ್ಪ ಬಹಳ ವಿನಯದಿಂದ, "ನಿಮ್ಮ ಕಡೆ ಮುಹೂರ್ತದ ದಿನ ಉಪವಾಸದ ಪದ್ಧತಿಯೇ?" ಎಂದು ವಿಚಾರಿಸಿದರು.

ಉಳಿದದ್ದು ರೆಡ್ಯೂಸ್. ಕೂಡುವುದು ಗುಣಿಸುವುದು ಬಿಟ್ಟು ಬೇರೆಯದಕ್ಕೆ ಬಳಸಿದ ರೆಡ್ಯೂಸ್ ಕಂಡರೆ ಕಾಗದ ಪೆನ್ನು ಹಿಡಿದು ಕೂರಬೇಕಾಗುತ್ತದೆ ಎಂದು 2005ರಲ್ಲೇ ಗೊಣಗಿದ್ದ ಗೀಡೋ, ಪೈಥಾನ್ 3ರಲ್ಲಿ ಅದನ್ನು ಫಂಕ್‌ಟೂಲ್ಸ್ ಎಂಬ ಹಿತ್ತಲಿಗೆ ಅಟ್ಟಿದ್ದರು. ನಾನು ಹಿತ್ತಲಿಗೇ ಹೋಗಿ, ತಿಂಡಿ, ಊಟ, ಬಸ್ಸಿನ ಸೀಟು ಮೂರನ್ನೂ ಒಂದೇ ಲ್ಯಾಂಬ್ಡಾದಲ್ಲಿ ಹೆಣೆದೆ. ಕಾಫಿ ಕುಡಿದು ಬರುವಷ್ಟರಲ್ಲಿ ಅದು ನನಗೇ ಅರ್ಥವಾಗದ ಎತ್ತರಕ್ಕೆ ಏರಿತ್ತು.

ಮೆಹೆಂದಿ ಒಣಗಲೆಂದು ಎರಡೂ ಕೈ ಎತ್ತಿ ಹಿಡಿದಿದ್ದ ಮದುಮಗಳು ಬಂದು ಬೆನ್ನ ಹಿಂದೆ ನಿಂತಳು. ಕೆಲಸದಲ್ಲಿ ದಿನವಿಡೀ ಸ್ಕಾಲಾ ಬರೆಯುವವಳು.

"ಮಾವ, ಇದೇನು ಕೋಡೋ, ಜಾತಕವೋ? ಅಳಿಸಿ. ನಾ ಹೇಳ್ತೀನಿ, ಬರ್ಕೊಳ್ಳಿ. ಸಮ್, ಕಂಸ, ಮನೆ ಡಾಟ್ ತಲೆ, ಫಾರ್ ಮನೆ ಇನ್ ಪಟ್ಟಿ, ಕಂಸ ಮುಚ್ಚಿ."

"ಫಾರ್ ಬಂತಲ್ಲೇ!"

"ಬಂದ್ರೇನಂತೆ? ಈ ವರಸೆಯನ್ನ ಪೈಥಾನ್ 2000ದಲ್ಲಿ ಹ್ಯಾಸ್ಕೆಲ್ ನೋಡಿಯೇ ಕಲಿತದ್ದು. ಹೇಗೆ ಸುತ್ತಬೇಕು ಅಂತಲ್ಲ, ಏನು ಬೇಕು ಅಂತ ಹೇಳ್ತಿದ್ದೀರಿ. ಚೀಟಿ ಮುದ್ರಿಸೋಕೆ ಮಾತ್ರ ಸಾದಾ ಫಾರ್ ಲೂಪೇ ಹಾಕಿ. ಪ್ರಿಂಟರ್ ಓಡಿಸೋದೇ ಉದ್ದೇಶ ಆಗಿರುವಾಗ ಅದನ್ನ ಮ್ಯಾಪೊಳಗೆ ಬಚ್ಚಿಡಬಾರದು."

ಎರಡೂ ಹೊತ್ತಿಗೂ 2,340 ಬಂತು. ಭಟ್ಟರಿಗೆ ಫೋನ್ ಮಾಡಿದರೆ, "ಆಗಲೇ ನಿಮ್ಮ ಭಾವ ಹೇಳಿದ್ರು" ಅಂದರು. ಭಾವ ಎಕ್ಸೆಲ್ಲಿನ ಕೆಳಗೊಂದು ಸಮ್ ಸೂತ್ರ ಹಾಕಿ ಸಂಜೆಯೇ ಕೆಲಸ ಮುಗಿಸಿದ್ದರು. ಹುಡುಗಿ ಅಷ್ಟಕ್ಕೂ ಬಿಡಲಿಲ್ಲ: "ಸೂತ್ರ ತನ್ನ ಮನೆಯಲ್ಲಿ ಉತ್ತರ ಕೊಡುತ್ತೆ ಹೊರತು ಪಕ್ಕದ ಮನೆ ಮುಟ್ಟಲ್ಲ. ಈ ಮನೇಲಿ ನಿಜವಾದ ಫಂಕ್ಷನಲ್ ಪ್ರೋಗ್ರಾಮರ್ ಅಂದ್ರೆ ಅಪ್ಪ."

ಮದುವೆಯ ದಿನ ಆ ಪ್ರೋಗ್ರಾಮರ್ ನನ್ನನ್ನು ಕಲ್ಯಾಣ ಮಂಟಪದ ಬಾಗಿಲಲ್ಲಿ ತಾಂಬೂಲದ ಚೀಲ ಹಂಚಲು ನಿಲ್ಲಿಸಿದರು. ಬಂದವರಿಗೆ ಬಗ್ಗಿ ಒಂದೊಂದು, ಸಾಲು ಮುಗಿಯುವ ತನಕ. ಸೈಡ್ ಎಫೆಕ್ಟ್ ಮರುದಿನ ಸೊಂಟದಲ್ಲಿ ಕಾಣಿಸಿತು.